ದಾನೇಶ್ವರಿಯ ರೈಫಲ್ಲು, ಅಬ್ಬಾನ ಲೇಥು

ಚಿಂಚೋಳಿ
5 ಆಗಸ್ಟ್ 2024

ಅಬ್ಬಾ, ಸಲಾಂ.

ಇವತ್ತು ಬೆಳಿಗ್ಗೆ ಶಾಲೆಯಲ್ಲಿ ಒಂದು ಗೊರವಂಕವನ್ನು ನೋಡಿದೆ. ನಮ್ಮಲ್ಲಿ ಗಂಟೆ ಎಂದರೆ ಬೇವಿನ ಕೊಂಬೆಗೆ ತೂಗುಬಿಟ್ಟ ರೈಲು ಹಳಿಯ ತುಂಡು. ಜವಾನ ಸಂಗಮೇಶ್ವರ ಅದನ್ನು ಬಾರಿಸಲು ಬಂದಾಗ ಹಕ್ಕಿ ಅದರ ಮೇಲೆಯೇ ಕುಳಿತಿತ್ತು. ಅವನು ಬಾರಿಸಿದ. ಅದು ಹಾರಲಿಲ್ಲ. ಬಿಸಿ ಹಂಚಿನ ಮೇಲೆ ನಿಂತ ಹಾಗೆ, ಪೆಟ್ಟು ಬಿದ್ದಾಗಲೆಲ್ಲ ಒಂದು ಕಾಲೆತ್ತಿ ಮತ್ತೆ ಊರುತ್ತಿತ್ತು. ಮಕ್ಕಳು ಯಾರೂ ಅದನ್ನು ಗಮನಿಸಲಿಲ್ಲ.

ಇದನ್ನು ಫೋನಿನಲ್ಲಿ ಅಮ್ಮಿಗೆ ಹೇಳಿ, ಅವರು ನಿಮ್ಮ ಹತ್ತಿರ ಬಂದು ಕೂಗಿ ಹೇಳುವಷ್ಟರಲ್ಲಿ 'ಹಕ್ಕಿ ಬಂದಿತ್ತಂತ' ಎಂಬುದಷ್ಟೇ ಉಳಿಯುತ್ತಿತ್ತು. ನಿಮ್ಮ ಕಿವಿ ಮಂದವಾದ ಮೇಲೆ ನಮ್ಮಿಬ್ಬರಿಗೂ ಕಾಗದವೇ ಸರಿ. ಎದುರಿಗೆ ಕೂತು ಮಾತಾಡುವುದು ನನಗಂತೂ ಮೊದಲಿನಿಂದಲೂ ಆಗಿಬರಲಿಲ್ಲ.

ಈಗ ಕೆಲಸದ ಮಾತು. ಸೇಡಂ ಕಾಲೇಜಿನಲ್ಲಿ ನನ್ನ ಜೊತೆ ಓದಿದ ದಾನೇಶ್ವರಿ ನೆನಪಿದ್ದಾಳೆಯೆ? ಒಮ್ಮೆ ನಮ್ಮ ಮನೆಗೆ ಬಂದವಳು ಊಟಕ್ಕೆ ಕರೆದರೂ ಒಳಗೆ ಬರದೆ, ನೀವು ಬಂದೂಕಿನ ಕುದುರೆ ಬಿಚ್ಚಿ ಜೋಡಿಸುವುದನ್ನೇ ನೋಡುತ್ತ ಅಂಗಡಿಯಲ್ಲಿ ನಿಂತುಬಿಟ್ಟಿದ್ದಳಲ್ಲ, ಅವಳೇ. ಈಗ ಅವಳು ಗುರಿ ಸ್ಪರ್ಧೆಗಳಿಗೆ ಹೋಗುತ್ತಾಳೆ. ಲೈಸೆನ್ಸ್ ಸಿಕ್ಕಿದೆ. ಹಿರಿಯ ಆಟಗಾರರೊಬ್ಬರಿಂದ ಪಾಯಿಂಟ್ ಟೂ ಟೂ ರೈಫಲ್ ಕೊಂಡಿದ್ದಾಳೆ. ರೈಫಲ್ ಚೆನ್ನಾಗಿದೆ, ತೊಂದರೆ ನಳಿಕೆಯದು. ಅದು ಭಾರದ ನಳಿಕೆ, ಉದ್ದಕ್ಕೂ ಒಂದೇ ದಪ್ಪ. ಮಲಗಿ ಹೊಡೆಯುವಾಗ ಆ ಭಾರವೇ ಒಳ್ಳೆಯದು, ರೈಫಲ್ ಅಲುಗುವುದಿಲ್ಲ. ನಿಂತು ಹೊಡೆಯುವಾಗ ಮಾತ್ರ ಮುಂಭಾಗ ಎಳೆದು ಎಳೆದು ಅವಳ ಎಡಗೈ ನಡುಗತೊಡಗುತ್ತದೆ. ಅವಳ ಸ್ಪರ್ಧೆಯಲ್ಲಿ ಎರಡೂ ರೀತಿ ಹೊಡೆಯಬೇಕು; ಹೋದ ವರ್ಷ ಮಲಗಿ ಗಳಿಸಿದ ಅಂಕವನ್ನೆಲ್ಲ ನಿಂತು ಕಳೆದುಕೊಂಡಳು. ಮತ್ತೆ ತಂಡದ ಆಯ್ಕೆ ನಡೆಯುವುದು ಡಿಸೆಂಬರಿನಲ್ಲಿ.

ಅವಳ ಮುಂದೆ ಇರುವುದು ಎರಡೇ ದಾರಿ. ಹಗುರವಾದ ಹೊಸ ನಳಿಕೆ ಹಾಕಿಸಬಹುದು. ಆದರೆ ಅದನ್ನು ಹೊರಗಿನಿಂದ ತರಿಸಬೇಕು, ಅದರ ನಂಬರು ಲೈಸೆನ್ಸಿನಲ್ಲಿ ಏರಬೇಕು, ಕಲಬುರಗಿಯಿಂದ ಅನುಮತಿ ಬರಬೇಕು. ಡಿಸೆಂಬರಿಗೆ ಆಗುವ ಮಾತಲ್ಲ. ಇಲ್ಲವಾದರೆ ಇರುವ ನಳಿಕೆಯನ್ನೇ ಲೇಥಿಗೆ ಹಾಕಿ, ಹೊರಮೈ ಹೆರೆದು ಹಗುರ ಮಾಡಬೇಕು. ಅವಳು ನಿಮ್ಮ ಹೆಸರು ಹೇಳುತ್ತಿದ್ದಾಳೆ. 'ತಗದ ಕಬ್ಬಿಣ ತಿರುಗಿ ಅಂಟೋದಿಲ್ಲ' ಎಂದು ನೀವೇ ಹೇಳುತ್ತಿದ್ದಿರಿ. ಒಮ್ಮೆ ನೋಡಿ, ಆಗುವುದೋ ಇಲ್ಲವೋ ನಿಮಗನ್ನಿಸಿದ್ದನ್ನು ಅವಳಿಗೆ ಹೇಳಿ.

ಅಮ್ಮಿಗೆ ಸಲಾಂ.

ನಿಮ್ಮ
ನಾಹಿದ

~

ಶಹಾಬಾದ
17 ಆಗಸ್ಟ್ 2024

ಬೇಟಿ ನಾಹಿದಗ ದುವಾ.

ನಾ ಮಾತಾಡಿದ್ಹಂಗ ಬರೀತೀನಿ. ಕೆಂಪು ಪೆನ್ನು ತಗೀಬ್ಯಾಡ.

ನಿನ್ನ ಗೆಳತಿ ಬಂದಿದ್ಳು. ಸಂಗಾಟ ಅಕಿ ಅಪ್ಪ ಬಸವಂತರಾಯರು. ತೊಗರಿ ವ್ಯಾಪಾರದವ್ರು, ಕಾಳು ಹಲ್ಲಾಗ ಕಡದು ನೋಡಿ ರೇಟು ಹೇಳೋ ಮಂದಿ. ರೈಫಲ್ಲಿಗಿಂತ ನನ್ನ ಕಿವೀನೇ ಭಾಳ ನೋಡಿದ್ರು. ಕಡೀಕ ನಿಮ್ಮ ಅಮ್ಮಿನ ಕೇಳ್ಯಾರ, "ಉಸ್ತಾದರಿಗಿ ಏನೂ ಕೇಳಸಲ್ಲೇನ್ರಿ?" ನಿಮ್ಮ ಅಮ್ಮಿ ಏನಂದಾಳ ಗೊತ್ತದೇನು? "ನಾ ಬೈದಿದ್ದು ಒಂದು ಬಿಟ್ಟು ಎಲ್ಲಾ ಕೇಳಸ್ತದರಿ." ಇದನ್ನ ಅಕೀನೇ ಚೀಟ್ಯಾಗ ಬರದು ತೋರಿಸಿ ನಕ್ಕಳು.

ಬ್ಯಾರಲ್ ಬಿಚ್ಚಿ ಬೆಳಕಿಗಿ ಹಿಡದು ನೋಡ್ದೆ. ಒಳಗ ಭಾವಿ ತಳದ ನೀರಿನಂಗ ಹೊಳೀತದ. ಇಂಥಾದ್ದು ಕೈಗಿ ಬಂದು ಭಾಳ ವರ್ಷ ಆಗಿತ್ತು. ಈಗ ನನ್ನ ಹತ್ರ ಬರೋದು ಏನು? ಮೂಲ್ಯಾಗ ನಿಲ್ಲಿಸಿ ತುಕ್ಕು ಹಿಡಿಸಿದ ಹೊಲದ ಬಂದೂಕು. ಎಣ್ಣಿ ಹಚ್ಚು, ಸ್ಪ್ರಿಂಗ್ ಹಾಕು, ಕಳಸು. ಅದು ಉಸ್ತಾದನ ಕೆಲಸ ಅಲ್ಲ.

ಬದಲಿ ಗಿದಲಿ ಏನೂ ಬ್ಯಾಡ. ನಾ ಹೆರೀತೀನಿ. ಅವಸರ ಮಾಡಂಗಿಲ್ಲ. ಒಂದು ಸಲ ಕೂದಲೆಳಿ ಅಷ್ಟ ತಗದು, ತಣ್ಣಗ ಆಗಲಿಕ್ಕ ಬಿಟ್ಟು, ಮತ್ತೊಮ್ಮೆ ಕೂದಲೆಳಿ ಅಷ್ಟ. ಬಿಸಿ ಆತಂದ್ರ, ಇಲ್ಲಾ ಒಂದು ಕಡಿ ಹೆಚ್ಚು ತಿಂತಂದ್ರ, ಒಳಗಿನ ದಾರಿ ಸೊಟ್ಟ ಆಗ್ತದ. ಆಮ್ಯಾಲ ಅದು ಬ್ಯಾರಲ್ ಅಲ್ಲ, ಒಲಿ ಊದೋ ಕೊಳವಿ. ಅದಕ್ಕ ಮೊದಲ ಅಷ್ಟೇ ದಪ್ಪಂದು ಕಬ್ಬಿಣದ ಸಲಾಕಿ ತಂದು ಅದರ ಮ್ಯಾಲ ಕೈ ಪಳಗಿಸ್ತೀನಿ.

ನಿನ್ನ ಗೆಳತಿಗಿ ನಿದ್ದಿ ಮಾಡು ಅಂತ ಹೇಳು. ನೀನೂ ಮಾಡು.

ಶೌಕತ ಅಲಿ

~

ಚಿಂಚೋಳಿ
18 ಸೆಪ್ಟೆಂಬರ್ 2024

ಅಬ್ಬಾ, ಸಲಾಂ.

ಮೀಲಾದ್ ರಜೆಗೆ ಬಂದವಳು ನಿಮ್ಮೊಂದಿಗೆ ಒಂದು ಮಾತು ಆಡಬೇಕೆಂದಿದ್ದೆ. ಆಡದೆ ಬಸ್ಸು ಹತ್ತಿದೆ. ಕಾಳಗಿಯಲ್ಲಿ ಬಸ್ಸು ಬದಲಿಸುವಾಗ ಅಲ್ಲಿಂದಲೇ ತಿರುಗಿ ಹೋಗೋಣವೇ ಎನ್ನಿಸಿತು. ಹೋಗಿದ್ದರೂ ಹೊಸ್ತಿಲಲ್ಲಿ ನಿಂತು ಚಾರ್ಜರ್ ಮರೆತಿದ್ದೆ ಎನ್ನುತ್ತಿದ್ದೆ.

ಭಾನುವಾರ ಮಧ್ಯಾಹ್ನ ಅಮ್ಮಿಯೂ ನಾನೂ ಹಿತ್ತಲ ಬಾಗಿಲಲ್ಲಿ ಚವಳಿಕಾಯಿ ಮುರಿಯುತ್ತ ಕೂತಿದ್ದೆವು. ಒಳಗೆ ನೀವು ಲೇಥ್ ಶುರು ಮಾಡಿದಿರಿ. ಮೊದಲು ಹದವಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಅದು ಕೀರಲು ದನಿಯಲ್ಲಿ ಕೂಗತೊಡಗಿತು. ಅಮ್ಮಿ ಎದ್ದು ಬಾಗಿಲು ಮುಂದಕ್ಕೆ ಮಾಡಿದರು. ಹಾಗೆ ಬಾಗಿಲು ಮುಂದೆ ಮಾಡುವುದು ಅವರಿಗೆ ರೂಢಿಯಾಗಿದೆ ಎಂದು ಆಗ ಗೊತ್ತಾಯಿತು. ನಾನು ಸಂದಿಯಲ್ಲಿ ನೋಡಿದೆ. ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡು, ಹಲ್ಲುಜ್ಜುತ್ತ ನಿಂತವರ ಹಾಗೆ, ನೀವು ನೆಮ್ಮದಿಯಿಂದ ಸಲಾಕೆ ಹೆರೆಯುತ್ತಿದ್ದಿರಿ. ಲೇಥ್ ಕೂಗುತ್ತಲೇ ಇತ್ತು. ನೀವು ಕೈ ಹಿಂದೆ ತೆಗೆಯಲಿಲ್ಲ.

ನೀವು ನಮಾಜಿಗೆ ಹೋದಾಗ ನಾನು ಒಳಗೆ ಹೋಗಿ ಆ ಸಲಾಕೆಯನ್ನು ಮುಟ್ಟಿದೆ. ನೀರು ಇಳಿದ ಮೇಲೆ ಕಾಗಿಣಾ ಹೊಳೆಯ ಮರಳಿನಲ್ಲಿ ಸಣ್ಣ ಸಣ್ಣ ಅಲೆ ಉಳಿದಿರುತ್ತವಲ್ಲ, ಹಾಗೆ ಉದ್ದಕ್ಕೂ ಗೀರು. ಉಗುರು ತಡೆಯುತ್ತಿತ್ತು.

ಚಿಕ್ಕವಳಿದ್ದಾಗ ನನ್ನನ್ನು ಹತ್ತಿರ ನಿಲ್ಲಿಸಿಕೊಂಡು ನೀವು ಹೇಳಿದ್ದು ಇದೇ: "ಗುಂಯ್ ಅಂದ್ರ ತಿನ್ನಲಿಕತ್ತದ, ಕೀಂಯ್ ಅಂದ್ರ ಕಚ್ಚಲಿಕತ್ತದ. ಕಚ್ಚಿದ್ರ ಕೈ ಹಿಂದ." ಭಾನುವಾರ ಅದು ಕಚ್ಚುತ್ತಿತ್ತು, ಅಬ್ಬಾ.

ಊಟದ ಹೊತ್ತಿನಲ್ಲಿ ಹೇಳಬೇಕೆಂದಿದ್ದೆ. ನೀವು ಅಮ್ಮಿಗೆ ಆ ನಳಿಕೆಯ ಹೊಳಪಿನ ಬಗ್ಗೆ ಹೇಳುತ್ತಿದ್ದಿರಿ, ರೊಟ್ಟಿ ಮುರಿದಿದ್ದನ್ನೂ ಮರೆತು. ಹಾಗಾಗಿ ಹೇಳಲಿಲ್ಲ. ಹೊಸ ನಳಿಕೆ ತರಿಸುವುದೇ ಒಳ್ಳೆಯದೇನೋ. ಇನ್ನೊಮ್ಮೆ ಯೋಚಿಸಿ ನೋಡುತ್ತೀರಾ?

ನಿಮ್ಮ
ನಾಹಿದ

~

ಶಹಾಬಾದ
24 ಸೆಪ್ಟೆಂಬರ್ 2024

ನಾಹಿದ,

ನಿನ್ನ ಕಾಗದ ಮುಟ್ಟಿತು.

ಸಲಾಕಿ ಬ್ಯಾರೆ, ಬ್ಯಾರಲ್ ಬ್ಯಾರೆ. ಸಲಾಕಿ ಹಲ್ಕಾ ಕಬ್ಬಿಣ, ಗೀರು ಬೀಳ್ತಾವ. ಸಾಹಿತ್ಯ ಓದಿದವ್ರಿಗಿ ಕಬ್ಬಿಣದಾಗೂ ಮರಳು ಕಾಣ್ತದ. ನೀ ಹುಟ್ಟೋಕಿಂತ ಮೊದಲಿಂದ ಈ ಲೇಥು ನನ್ನ ಕೈಯಾಗ ಅದ.

ನಿಮ್ಮ ಅಮ್ಮಿ ಶೇಂಗಾ ಹಿಂಡಿ ಕುಟ್ಯಾಳ. ಕಳಸ್ತಾಳಂತ. ಬಸ್ಸಿನ್ಯಾಗ ಖಿಡಕಿ ಬಾಜು ಕುಂದರಬ್ಯಾಡ, ವಾಡಿ ತನಕ ಸಿಮೆಂಟ್ ಧೂಳು ಭಾಳ ಅದ, ನಿನಗ ಕೆಮ್ಮು ಬರ್ತದ.

ಶೌಕತ ಅಲಿ

~

ಚಿಂಚೋಳಿ
29 ಸೆಪ್ಟೆಂಬರ್ 2024

ಅಬ್ಬಾ, ಸಲಾಂ.

ಹಿಂಡಿ ಬಂತು. ಖಾರ ಜಾಸ್ತಿಯಾಗಿದೆ ಎಂದು ಅಮ್ಮಿಗೆ ಹೇಳಬೇಡಿ. ಆದರೂ ಅರ್ಧ ಡಬ್ಬಿ ಮುಗಿದಿದೆ.

ನಿಮಗೆ ನೋವಾಗುವಂತೆ ಬರೆದೆ. ಬರೆದದ್ದು ಸುಳ್ಳಲ್ಲ, ಆದ್ದರಿಂದ ಕ್ಷಮಿಸಿ ಎನ್ನಲೂ ಬಾರದೆ ಕೂತಿದ್ದೇನೆ.

ನಿನ್ನೆ ದಾನೇಶ್ವರಿ ಫೋನ್ ಮಾಡಿದ್ದಳು. ಹಳೆಯ ಕಲ್ಲುಗಣಿಯಲ್ಲಿ ಮಾಡಿದ ಗುರಿಮೈದಾನದಿಂದ ಆಗಷ್ಟೇ ಹೊರಬಂದಿದ್ದಳು. ಅಲ್ಲಿ ಯಾರದೋ ರೈಫಲ್ ಕೇಳಿ ಪಡೆದು ಅಭ್ಯಾಸ ಮಾಡುತ್ತಿದ್ದಾಳೆ.

"ನಿಮ್ಮ ಅಬ್ಬಾ ಹೂಂ ಅಂದಾರ. ನೀ ಹೂಂ ಅನ್ನಲಿಕ್ಕ ಯಾಕ ಒಲ್ಲಿ?" ಎಂದು ನೇರ ಕೇಳಿದಳು.

"ಅವರ ಕೆಲಸ ಅವರಿಗೇ ಗೊತ್ತು," ಎಂದೆ.

"ಅದು ಉತ್ತರ ಅಲ್ಲವಾ, ತಾಯಿ. ಪರೀಕ್ಷಾದಾಗ ಪ್ರಶ್ನೀನೇ ತಿರುಗಿ ಬರದಂಗಾತು. ನಮ್ಮಪ್ಪ ಬ್ಯಾರೆ ದಿನಾ ತಲಿ ತಿನ್ನಲಿಕತ್ತಾನ, ಕಿವಿ ಕೇಳಸದವರ ಕೈಯಾಗ ಯಾಕ ಕೊಟ್ಟಿ ಅಂತ. ಕೈಲೆ ಮಾಡ್ತಾರ, ಕಿವೀಲೆ ಏನ್ ಮಾಡ್ತಾರ ಅಂತ ನಾ ಜಗಳಾಡಲಿಕತ್ತೀನಿ. ನೀ ಹೇಳು ನಾಹಿದ, ನಿನ್ನ ಮಾತಿನ ಮ್ಯಾಲ ಬಿಟ್ಟೀನಿ. ಕೆಟ್ಟರ ನನಗ ಇನ್ನೊಂದು ರೈಫಲ್ ತಗೊಳ್ಳಲಿಕ್ಕ ಆಗಂಗಿಲ್ಲ."

ಸುಮ್ಮನಿದ್ದರೆ ಜನ ಹೌದೆಂದು ತಿಳಿಯುತ್ತಾರೆ, ಅದಕ್ಕೇ "ದಸರಾ ಮುಗಿಯೋ ತನಕ ತಡಿ" ಎಂದೆ.

ಮುಂದಿನ ವಾರ ರಜೆಗೆ ಬರುತ್ತೇನೆ. ಅಲ್ಲಿಯವರೆಗೆ ನಳಿಕೆಯನ್ನು ಲೇಥಿಗೆ ಏರಿಸಬೇಡಿ. ನಾನು ಬಂದು ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ. ಭುಜದ ಮೇಲೆ ಕೈ ಇಟ್ಟುಕೊಂಡಿರುತ್ತೇನೆ. ಲೇಥ್ ಕೂಗಿದಾಗ ಒತ್ತುತ್ತೇನೆ. ಸಲಾಕೆಯ ಮೇಲೆ ಹಾಗೆ ಮಾಡಿ ನೋಡೋಣ. ನನ್ನ ಕಿವಿ ಚೆನ್ನಾಗಿವೆ. ಅವನ್ನು ನೀವು ಬಳಸಿಕೊಂಡರೆ ನನಗೆ ಸಂತೋಷ.

ನಿಮ್ಮ
ನಾಹಿದ

~

ಶಹಾಬಾದ
22 ಅಕ್ಟೋಬರ್ 2024

ಬೇಟಿ,

ನೀ ಹೋದ ಮ್ಯಾಲ ಮನಿ ಸುಮ್ಮನ ಆಗ್ಯದ ಅಂತ ನಿಮ್ಮ ಅಮ್ಮಿ ಅಂತಾಳ. ನೀ ಇದ್ದಾಗ ಏನ್ ಗದ್ದಲ ಮಾಡ್ತಿದ್ದಿ ಅಂತ ನಾ ಕೇಳ್ದೆ. ಬೈದಳು ಅಂತ ಕಾಣಸ್ತದ.

ದಸರಾದಾಗ ನಾವಿಬ್ರೂ ಕೂಡಿ ಹೆರದ ಹೊಸಾ ಸಲಾಕಿ ಅಂಗಡಿ ಮುಂದ ಇಟ್ಟು ಬಂದವ್ರಿಗೆಲ್ಲಾ ತೋರಸ್ಲಿಕತ್ತೀನಿ. ಹಿಂದಿನ ಓಣಿ ಸೂಗಪ್ಪ, ಫರಸಿ ಕಲ್ಲು ಕೊಯ್ಯೋನು, ಕೈಯಾಡಿಸಿ "ಏ ಉಸ್ತಾದ, ಕನ್ನಡಿ ಮಾಡಿಟ್ಟೀದಿ, ಬಾ ದಾಡಿ ಮಾಡ್ಕೊಳ್ಳಾಮು" ಅಂದ. ಇವನಿಗೇ ನಾ, ನೀ ಬರೋಕಿಂತ ಮೊದಲ, ಲೇಥಿನ ಬಾಜು ನಿಂದ್ರು, ಕೂಗಿದ್ರ ಕೈ ಎತ್ತು ಅಂತ ಹೇಳಿದ್ದೆ. ನಿಂತ. ಒಮ್ಮೀನೂ ಕೈ ಎತ್ತಲಿಲ್ಲ. ಯಾಕೋ ಅಂದ್ರ, ಕಲ್ಲಿನ ಮಷೀನಿನ್ಯಾಗ ಅವನ ಕಿವೀನೂ ಹೋಗ್ಯಾವಂತ, ಮರ್ಯಾದಿಗಿ ಅಂಜಿ ಹೇಳಿರಲಿಲ್ಲ! ಇಬ್ಬರು ಕಿವುಡರು ಒಂದು ಲೇಥಿನ ಮುಂದ ನಿಂತಿದ್ವಿ.

ಒಂದು ಮಾತು ನಿನಗ ಹೇಳಿಲ್ಲ. ಮೀಲಾದಿನ್ಯಾಗ ನನ್ನ ಬಾಯಾಗ ನೀ ನೋಡಿದ್ದು ಹಲ್ಲು ತಿಕ್ಕೋ ಕಡ್ಡಿ ಅಲ್ಲ. ಕಡ್ಡಿ ಒಂದು ತುದಿ ಹಲ್ಲಿನ್ಯಾಗ ಹಿಡದು, ಇನ್ನೊಂದು ತುದಿ ಲೇಥಿಗಿ ಹಚ್ಚಿದ್ರ, ಅದರ ನಡುಕ ತಲೀಗಿ ಬರ್ತದ. ಕಿವಿ ಹೋದ ಮ್ಯಾಲ ಹಂಗೇ ನಡಸೀನಿ. ಈಗ ಮುಂದಿನ ಹಲ್ಲೂ ಅಲಗಾಡ್ತಾವ. ಕಿವೀ ಕೆಲಸ ಹಲ್ಲಿಗಿ ಕೊಟ್ಟೆ, ಹಲ್ಲಿನ ಕೆಲಸ ಯಾರಿಗಿ ಕೊಡ್ಲಿ? ನಿಮ್ಮ ಅಮ್ಮಿಗಿ ಇದು ಗೊತ್ತಿಲ್ಲ ಅಂತ ತಿಳಕೊಂಡಿದ್ದೆ. ಮೆತ್ತನ್ನ ರೊಟ್ಟಿ ಮಾಡಲಿಕತ್ತಾಳ, ಗೊತ್ತಿದ್ದಂಗ ಅದ.

ನಿನ್ನ ಕೈ ಭುಜದ ಮ್ಯಾಲ ಇದ್ದಾಗ, ಬೇಟಿ, ಮಷೀನು ಮಾತಾಡಿದ್ದು ತಿಳೀತು. ಭಾಳ ದಿನದ ಮ್ಯಾಲ. ಅದಕ್ಕ ಅವತ್ತು ನಗಲಿಕತ್ತಿದ್ದೆ. ನೀ ನನ್ನ ಹುಚ್ಚ ಅಂತ ತಿಳಕೊಂಡಿರಬೇಕು.

ಬ್ಯಾರಲ್ ಇನ್ನೂ ಅರಿವ್ಯಾಗ ಸುತ್ತಿದಂಗ ಅದ, ಮುಟ್ಟಿಲ್ಲ. ಗೆಳತಿ ನಿನ್ನ ಮಾತಿನ ಮ್ಯಾಲ ಬಿಟ್ಟಾಳಂದ್ರ ನಾನೂ ನಿನ್ನ ಮಾತಿನ ಮ್ಯಾಲ ಬಿಟ್ಟೆ. ನೀ ಹೆರೀರಿ ಅಂದ್ರ ದೀಪಾವಳಿ ರಜಾಕ್ಕ ನೀ ಬಂದಾಗ ಹೆರೀತೀನಿ. ಬ್ಯಾಡ ಅಂದ್ರ ಬ್ಯಾಡ ಅಂತ ಬರಿ. ಆದ್ರ ಯಾಕಂತನೂ ಬರಿ. ನನ್ನ ಮನಸ್ಸು ನೋಡ್ಕೊಂಡು ಬರೀಬ್ಯಾಡ.

ಶೌಕತ ಅಲಿ

~

ಚಿಂಚೋಳಿ
27 ಅಕ್ಟೋಬರ್ 2024

ಅಬ್ಬಾ, ಸಲಾಂ.

ಬೇಡ.

ಆ ಒಂದು ಪದ ಬರೆದು ಪೆನ್ನು ಕೆಳಗಿಟ್ಟೆ. ಕೆಳಗೆ ಮನೆಯೊಡತಿ ಶರಣಬಸಮ್ಮ ಜೋಳ ಹಸನು ಮಾಡುತ್ತಿದ್ದರು, ಮೊರದ ಸದ್ದು ನಿಂತು ನಿಂತು ಬರುತ್ತಿತ್ತು. ಯಾಕಂತ ಬರಿ ಎಂದಿರಿ. ಬರೆಯುತ್ತೇನೆ.

ನೀವು ಎಲ್ಲರಿಗೂ ತೋರಿಸುತ್ತಿರುವ ಸಲಾಕೆ ನಿಜಕ್ಕೂ ಚೆನ್ನಾಗಿದೆ. ಮೊದಲನೆಯದರ ಅಲೆಗಳು ಅದರಲ್ಲಿಲ್ಲ. ಆದರೆ ನಡುವೆ, ನೀವು ಹಿಡಿಯುವ ಜಾಗಕ್ಕಿಂತ ಸ್ವಲ್ಪ ಮುಂದೆ, ಸುತ್ತಲೂ ಉಂಗುರದಂಥ ಒಂದು ಗೀರಿದೆ. ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಎಣ್ಣೆ ಒರೆಸಿ, ಉಗುರು ಎಳೆದರೆ ಸಿಗುತ್ತದೆ. ಅದು ಬಿದ್ದ ಗಳಿಗೆ ನನಗೆ ಗೊತ್ತು. ಲೇಥ್ ಕೂಗಿತು. ನಾನು ನಿಮ್ಮ ಭುಜ ಒತ್ತಿದೆ. ನೀವು ಕೈ ಹಿಂದೆ ತೆಗೆದಿರಿ. ನಾನು ತಡ ಮಾಡಲಿಲ್ಲ, ನೀವೂ ತಡ ಮಾಡಲಿಲ್ಲ. ಆದರೂ ನನ್ನ ಕಿವಿಯಿಂದ ನಿಮ್ಮ ಭುಜಕ್ಕೆ, ಭುಜದಿಂದ ಬೆರಳಿಗೆ ಬರುವಷ್ಟರಲ್ಲಿ ಕಬ್ಬಿಣ ಕಚ್ಚಿಸಿಕೊಂಡಾಗಿತ್ತು. ಹಿಂದೆ ನೀವು ಕೇಳುವುದೂ ಕೈ ತೆಗೆಯುವುದೂ ಒಂದೇ ಆಗಿತ್ತು. ನಾವಿಬ್ಬರು ಸೇರಿದರೆ ಅದು ಎರಡಾಗುತ್ತದೆ.

ಆ ದಿನವೇ ಹೇಳಬಹುದಿತ್ತು. ನೀವು ಎಣ್ಣೆಬಟ್ಟೆಯಿಂದ ಸಲಾಕೆ ಒರೆಸಿ ಬೆಳಕಿಗೆ ಹಿಡಿದು ನಗುತ್ತಿದ್ದಿರಿ. ಅಮ್ಮಿ ಚಹಾ ತಂದವರು ಕಪ್ಪು ಕೊಡದೆ ನಿಮ್ಮ ಮುಖವನ್ನೇ ನೋಡುತ್ತ ನಿಂತಿದ್ದರು. ಹುಚ್ಚ ಎಂದು ನಾನು ತಿಳಿಯಲಿಲ್ಲ. ನಾನು ಹುಟ್ಟುವ ಮೊದಲು ನೀವು ಹೀಗೇ ಇದ್ದಿರಬೇಕು ಎಂದುಕೊಂಡೆ. ಸಲಾಕೆಗೆ ಒಂದು ಉಂಗುರ ಬಿದ್ದರೆ ಏನೂ ಆಗುವುದಿಲ್ಲ. ನಳಿಕೆಗೆ ಬಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ದಾನೇಶ್ವರಿಗೆ ಮೊನ್ನೆ ಫೋನ್ ಮಾಡಿ ಹೊಸ ನಳಿಕೆಗೇ ಅರ್ಜಿ ಹಾಕು ಎಂದೆ. ಯಾಕೆ ಎಂದಳು. ಇದನ್ನೆಲ್ಲ ಹೇಳಿದೆ. ಇಷ್ಟೊಂದು ಮಾತು ನಾನು ಒಮ್ಮೆಗೆ ಆಡಿದ್ದು ಕಾಲೇಜಿನಲ್ಲಿಯೂ ಇಲ್ಲ ಎಂದು ಅವಳೇ ಅಂದಳು.

"ಹಂಗಾರ ಡಿಸೆಂಬರದಾಗ ನಿಂತು ಹೊಡೆಯೋದು ಹೋತು."

"ಹೋತು."

"ಮಲಗಿ ಹೊಡೆಯೋದಕ್ಕ ಬ್ಯಾರೆ ಸ್ಪರ್ಧಾ ಅದ, ಅದಕ್ಕ ಹೆಸರು ಕೊಡ್ತೀನಿ. ಈ ದಪ್ಪ ಬ್ಯಾರಲ್ಲೇ ಅಲ್ಲಿ ಛಲೋ. ನಮ್ಮಪ್ಪಗ ಹೇಳಿದ್ರ, ಮಲಕ್ಕೊಂಡವರಿಗೂ ಪದಕ ಕೊಡ್ತಾರೇನವಾ ಅಂತಾನ." ನಕ್ಕಳು. ಆಮೇಲೆ ಯಾರೋ ಕರೆದರೆಂದು ಬೇಗ ಫೋನ್ ಇಟ್ಟಳು. ಫೋನಿನಲ್ಲಿ ಅವಳ ಹಿಂದೆ ಯಾರ ದನಿಯೂ ನನಗೆ ಕೇಳಿಸಿರಲಿಲ್ಲ.

ರಾತ್ರಿ ಒಂದು ಸಾಲು ಕಳಿಸಿದಳು: 'ಹೊಸಾದು ಬಂದಾಗ ಕೂಡಿಸೋರು ಮಾತ್ರ ಉಸ್ತಾದರೇ.' ನಾನು ಕೇಳಿ ಬರೆಸಿದ್ದಲ್ಲ. ನಳಿಕೆ ಕೂಡಿಸುವುದು ಅಳತೆ ನೋಡಿ, ಬೆರಳಿನಿಂದ ಸಡಿಲು ಬಿಗಿ ತಿಳಿದು ಮಾಡುವ ಕೆಲಸ. ಅದರಲ್ಲಿ ನಿಮಗೆ ನನ್ನ ಕೈ ಬೇಕಿಲ್ಲ.

'ನನ್ನ ಮನಸ್ಸು ನೋಡ್ಕೊಂಡು ಬರೀಬ್ಯಾಡ' ಎಂದಿರಿ. ಅದೊಂದು ನನ್ನಿಂದ ಆಗಲಿಲ್ಲ, ನೋಡಿಕೊಂಡೇ ಬರೆದಿದ್ದೇನೆ. ಆದರೂ ಉತ್ತರ ಬದಲಾಗಲಿಲ್ಲ.

ಈ ಕಾಗದವನ್ನು ಮಡಿಸಿ, ವಿಳಾಸ ಬರೆದು, ಅಂಚೆ ಡಬ್ಬಿಯವರೆಗೆ ಹೋಗಿದ್ದೆ. ಡಬ್ಬಿಗೆ ಹಾಕಿದರೆ ನೀವು ಇದನ್ನು ಓದುವಾಗ ನಾನು ಇಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿರುತ್ತೇನೆ. ನೀವು ಓದಿ, ಕನ್ನಡಕ ತೆಗೆದು, ಅರಿವೆ ಸುತ್ತಿದ ಆ ನಳಿಕೆಯ ಕಡೆ ನೋಡುವುದನ್ನು ಅಮ್ಮಿ ಒಬ್ಬರೇ ನೋಡುತ್ತಾರೆ. ಹಾಕದೆ ವಾಪಸು ತಂದು ಇಷ್ಟನ್ನು ಕೆಳಗೆ ಸೇರಿಸುತ್ತಿದ್ದೇನೆ.

ಗುರುವಾರ ರಜೆ. ಬುಧವಾರ ಶಾಲೆ ಬಿಟ್ಟೊಡನೆ ಬಸ್ಸು ಹತ್ತುತ್ತೇನೆ. ಇದನ್ನು ನಿಮ್ಮ ಕೈಗೇ ಕೊಡುತ್ತೇನೆ. ಕೊಟ್ಟು ಅಡುಗೆಮನೆಗೆ ಹೋಗುವುದಿಲ್ಲ. ನೀವು ಕಡೆಯ ಸಾಲು ಓದಿ ತಲೆಯೆತ್ತುವವರೆಗೆ ನಿಮ್ಮ ಎದುರಿಗೇ ಕೂತಿರುತ್ತೇನೆ.

ನಿಮ್ಮ
ನಾಹಿದ